ದಡದ ಕಂಬ

ಜನವರಿ 9

ಮೇಷ್ಟ್ರೇ,

ಎಂಟು ತಿಂಗಳು ಮುಚ್ಚಿಟ್ಟಿದ್ದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ಹಾಳೆ ಮುಗಿದುಹೋಗುತ್ತದೆ. ಆ ದಿನ ನೀವು ನೀರಿನಲ್ಲಿದ್ದಾಗ ನಾನು ಕೈ ಚಾಚಿ ತೋರಿಸಿದ ಜಾಗದಲ್ಲಿ ಏನೂ ಇರಲಿಲ್ಲ. ದೊಡ್ಡ ಹುಡುಗ ಎಲ್ಲಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ಸುಮ್ಮನೆ ಒಂದು ಕಡೆ ತೋರಿಸಿದೆ. ನೀವು ಆ ಕಡೆ ಈಜಿದಿರಿ.

ಈಗ ಮೊದಲಿಂದ ಬರೆಯುತ್ತೇನೆ. ನಿಮ್ಮ ಮನೆಯವರು, ನನ್ನ ಪಾಲಿನ ಚಿಕ್ಕಮ್ಮ, ಇದನ್ನು ಓದಿದರೂ ಓದಲಿ. ಕಡಲ ಕೆಲಸದ ಮಾತನ್ನು ನೀವು ಮನೆಯ ಹೊಸ್ತಿಲು ದಾಟಿಸುವವರಲ್ಲ, ಅವರಿಗೆ ಏನೂ ಗೊತ್ತಿರಲಿಕ್ಕಿಲ್ಲ. ಚಿಕ್ಕಮ್ಮಾ, ನೀರಿಗೆ ಇಳಿದವನಿಗೆ ಅಲೆಯ ಆಚೆ ಏನೂ ಕಾಣುವುದಿಲ್ಲ. ಅದಕ್ಕೇ ದಡದಲ್ಲಿ ಒಬ್ಬರು ಮುಳುಗುತ್ತಿರುವವನ ಮೇಲೆ ಕಣ್ಣು ನೆಟ್ಟು, ಅವನತ್ತ ಕೈ ಚಾಚಿ ನಿಲ್ಲಬೇಕು. ಅವರನ್ನು ನಾವು ಕಂಬ ಅನ್ನುತ್ತೇವೆ. ಈಜುವವನು ಆಗಾಗ ತಿರುಗಿ ಕಂಬದ ಕೈ ನೋಡಿ ದಿಕ್ಕು ಹಿಡಿಯುತ್ತಾನೆ. ಕಂಬದ ಕಣ್ಣು ತಪ್ಪಿದರೆ ಎರಡೂ ಕೈಯನ್ನು ತಲೆಯ ಮೇಲೆ ಕತ್ತರಿ ಹಾಕಿ ಹಿಡಿಯಬೇಕು. ನನಗೆ ಕಾಣುತ್ತಿಲ್ಲ, ಇನ್ನು ನಿನ್ನ ಕಣ್ಣಿಂದ ನೀನೇ ಹುಡುಕು ಎಂದು ಅರ್ಥ. ನನ್ನ ಕೆಲಸದ ಮೊದಲ ದಿನವೇ ಮೇಷ್ಟ್ರು ಹೇಳಿದ್ದರು, ಕಂಬಕ್ಕೆ ಮೂಗು ತುರಿಸಿದರೂ ಕೆರೆದುಕೊಳ್ಳುವ ಹಕ್ಕಿಲ್ಲ ಎಂದು.

ಆ ದಿನ ಅಣ್ಣ ತಮ್ಮ ಇಬ್ಬರೂ ಸೆಳವಿಗೆ ಸಿಕ್ಕಿದ್ದರು. ದೊಡ್ಡವನಿಗೆ ಹನ್ನೊಂದು, ಚಿಕ್ಕವನಿಗೆ ಆರು. ತೀರದ ಕಾವಲು ಗೋಪುರದಲ್ಲಿ ನಾವಿಬ್ಬರೇ. ನೀವು ಇಳಿದಿರಿ, ನಾನು ಕಂಬವಾದೆ. ನೀವು ಚಿಕ್ಕವನನ್ನು ಹಿಡಿದು, ತೇಲುಪಟ್ಟಿ ಕಟ್ಟಿ, ಒಂದು ಒಳ್ಳೆಯ ಅಲೆಯ ಬೆನ್ನಿಗೆ ಹಾಕಿ ದಡಕ್ಕೆ ತಳ್ಳಿದಿರಿ. ದಡದ ಜನ ಎತ್ತಿಕೊಳ್ಳುತ್ತಾರೆ ಎಂದು ನಿಮ್ಮ ಲೆಕ್ಕ. ದಡದ ಜನ ನಿಂತಿದ್ದರು, ಎಲ್ಲರ ಕೈಯಲ್ಲೂ ಫೋನು. ಸೊಂಟದ ಮಟ್ಟದ ನೀರಿನಲ್ಲಿ ಅಲೆ ಒಡೆದು ಚಿಕ್ಕವನು ಮಗುಚಿಕೊಂಡ. ಮೇಲೇಳಲಿಲ್ಲ. ನಾನು ಓಡಿದೆ. ಅವನನ್ನು ಎತ್ತಿಕೊಂಡು ಬಂದು ಮರಳಿನ ಮೇಲೆ ಮಲಗಿಸಿದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಇಪ್ಪತ್ತು ಎಣಿಸುವಷ್ಟಿರಬಹುದು. ತಿರುಗಿ ನೋಡಿದರೆ ನೀರು ಬರೀ ನೀರು.

ಹುಡುಗರ ತಾಯಿ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. "ಎಲ್ಲಿ? ದೊಡ್ಡವನೆಲ್ಲಿ? ತೋರಿಸು." ಅವರ ಮುಖ ಒಂದು ಗೇಣು ದೂರದಲ್ಲಿತ್ತು. ಆ ಮುಖದ ಎದುರು ಕೈ ಕತ್ತರಿ ಹಾಕಲು ನನ್ನಿಂದ ಆಗಲಿಲ್ಲ. ಅಷ್ಟರಲ್ಲಿ ನೀವು ಅಲೆಯ ಮೇಲೆ ಬಂದು ನನ್ನತ್ತ ನೋಡಿದಿರಿ. ನಾನು ಬಲಕ್ಕೆ ಕೈ ಚಾಚಿದೆ. ದೋಣಿ ಬಂದು ನಿಮ್ಮನ್ನು ಎಳೆದುಕೊಳ್ಳುವವರೆಗೂ ಕೈ ಇಳಿಸಲಿಲ್ಲ.

ನಲವತ್ತು ನಿಮಿಷ, ಮೇಷ್ಟ್ರೇ. ನೀವು ನಡುಗುತ್ತಾ ಮರಳಿನ ಮೇಲೆ ಕೂತಾಗ ಆ ತಾಯಿ ನಿಮಗೆ ಅಂದಿದ್ದನ್ನೂ ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. "ನಿಮಗೆ ವಯಸ್ಸಾಗಿದೆ. ನೀವು ಇಳೀಬಾರದಿತ್ತು."  ವಿಚಾರಣೆಯ ದಿನ, ಮಗುವನ್ನು ಮಲಗಿಸಿದ ಮೇಲೆ ಕೈ ದೊಡ್ಡವನತ್ತಲೇ ಇತ್ತೇ ಎಂದು ಕೇಳಿದರು. ಇತ್ತು ಎಂದೆ. ಮಾಡದ ತಪ್ಪಿಗೆ ಕ್ಷಮೆ ಕೇಳುವುದಿಲ್ಲವೆಂದು ಹಟ ಹಿಡಿದು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಮಾಡಿದ ತಪ್ಪನ್ನು ಹೀಗೆ ಸಲೀಸಾಗಿ ನುಂಗಿದೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ನನಗೆ ಶೌರ್ಯ ಪದಕ ಬಂದಿದೆ. ಫೆಬ್ರವರಿ 21ಕ್ಕೆ ಸಮಾರಂಭ. ನಿಮಗೆ ಇಲ್ಲ.

ನಿಮ್ಮ
ಪಾದರಸ

—

ಜನವರಿ 24

ಮೇಷ್ಟ್ರೇ,

ಉತ್ತರ ಬರಲಿಲ್ಲ. ಅಂಚೆ ತಪ್ಪಿರಬಹುದು ಎಂದು ಮೂರು ದಿನ ನನ್ನನ್ನೇ ನಂಬಿಸಿಕೊಂಡೆ. ಅದೂ ಸುಳ್ಳೇ ಎಂದು ಬಿಟ್ಟೆ.

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ನೀವು ಯಾವಾಗಲೂ ನಗುತ್ತಿದ್ದಿರಿ. ಅರ್ಥವಾಗದೆ ಬಿಟ್ಟಿರಿ ಎಂದರೆ ಒಂದೇ ಸಾಲಿನಲ್ಲಿ ಮತ್ತೆ ಹೇಳುತ್ತೇನೆ: ನೀವು ನಿಧಾನವಾಗಲಿಲ್ಲ, ನಾನು ಸುಳ್ಳು ತೋರಿಸಿದೆ.

ವರದಿಯಲ್ಲಿ ಬೇರೆ ಬರೆದಿದ್ದಾರೆ. ಹಿರಿಯ ರಕ್ಷಕರ ವಯೋಸಹಜ ನಿಧಾನದಿಂದ ಎರಡನೆಯ ಬಾಲಕನನ್ನು ತಲುಪಲಾಗಲಿಲ್ಲವಂತೆ. ಆ ಸಾಲು ಇಟ್ಟುಕೊಂಡೇ ನಿಮ್ಮನ್ನು ಉಗ್ರಾಣಕ್ಕೆ ಹಾಕಿ ಹರಿದ ತೇಲುಪಟ್ಟಿ ಹೊಲಿಯಲು ಕೂರಿಸಿದ್ದು. ನೀವು ಒಂದು ತಿಂಗಳು ಹೊಲಿದು, ಕೀಲಿ ಮೇಜಿನ ಮೇಲಿಟ್ಟು, ಚಿಕ್ಕಮ್ಮನ ತವರಿಗೆ ಹೊರಟುಹೋದಿರಿ. ಅಲ್ಲಿ ಬಾವಮೈದುನನ ಅಂಗಡಿಯಲ್ಲಿ ಮೊಳೆ ತೂಗುತ್ತೀರಂತೆ. ಸುತ್ತ ಒಂದು ಹಳ್ಳವೂ ಇಲ್ಲದ ಊರನ್ನು ಆರಿಸಿಕೊಂಡಿರಿ ಎಂದು ಇಲ್ಲಿಯವರು ಹೇಳಿದರು. ನಾನು ಬಗ್ಗಿ ಬೂಟಿನ ಮರಳು ಕೊಡವಿದೆ.

ಮೊನ್ನೆ ಸಭಾಂಗಣದಲ್ಲಿ ಅಭ್ಯಾಸವಿತ್ತು. ಪದಕಗಳು ಇನ್ನೂ ಬಂದಿಲ್ಲ. ಆದ್ದರಿಂದ ಉಗ್ರಾಣದ ಕೀಲಿಗೊಂಚಲನ್ನು ದಾರಕ್ಕೆ ಪೋಣಿಸಿ ಒಬ್ಬೊಬ್ಬರ ಕೊರಳಿಗೂ ಹಾಕಿ ತೆಗೆದರು. ನನ್ನ ಜೊತೆ ಪದಕ ಪಡೆಯುವವನು ನದಿ ಕಡೆಯ ರಕ್ಷಕ. ಮಗುಚಿದ ದೋಣಿಯ ಕೆಳಗೆ ಮೂರು ಸಲ ಮುಳುಗಿ ಮೂವರನ್ನು ತಂದವನು. ಒಂದು ಕಿವಿ ಆಗಿಂದ ಕೇಳುವುದಿಲ್ಲ. ಕೀಲಿ ಕೊರಳಿಗೆ ಬಿದ್ದಾಗ, "ಇದರಲ್ಲಿ ಯಾವ ಬಾಗಿಲು ತೆಗೀತದೆ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಪಕ್ಕದ ಕುರ್ಚಿ ನನ್ನದು.

ಗೋಡೆಯ ಮೇಲೆ ನನ್ನ ಚಿತ್ರವನ್ನು ಆಳೆತ್ತರಕ್ಕೆ ಹಾಕಿದ್ದಾರೆ, ಚಿಕ್ಕವನನ್ನು ಎತ್ತಿಕೊಂಡು ಬರುತ್ತಿರುವುದು. ನನ್ನ ಹೆಗಲ ಹಿಂದೆ, ದೂರದಲ್ಲಿ, ಒಂದು ಕಪ್ಪು ಚುಕ್ಕೆ ಇದೆ. ಅದು ನೀವು. ನೀವು ಕಂಬದ ಕೈ ಹುಡುಕುತ್ತಿದ್ದೀರಿ. ಚಿತ್ರದಲ್ಲಿ ಎಲ್ಲ ಇದೆ, ಮೇಷ್ಟ್ರೇ. ಯಾರೂ ನೋಡುತ್ತಿಲ್ಲ.

ಶಾಲೆಯಲ್ಲಿ ಉತ್ತರ ಗೊತ್ತಿಲ್ಲದಾಗ ನಾನು ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದೆ. ಎತ್ತಿದವರನ್ನು ಕೇಳುತ್ತಿರಲಿಲ್ಲ, ಎತ್ತದವರನ್ನೇ ಎಬ್ಬಿಸುತ್ತಿದ್ದರು. ನಾಲ್ಕು ವರ್ಷ ಹಾಗೆ ದಾಟಿಸಿದೆ. ಆ ದಿನ ನನ್ನ ಕೈ ತಾನಾಗಿಯೇ ಎದ್ದಿತು ಎಂದು ಬರೆಯಬೇಕೆನಿಸುತ್ತದೆ. ಅದು ನಿಜವಲ್ಲ. ನಾನೇ ಎತ್ತಿದೆ.

ಬೈದಾದರೂ ಬರೆಯಿರಿ.

ಪಾದರಸ

—

ಜನವರಿ 30

ಮಗಳೇ,

ನಿನ್ನ ಎರಡೂ ಕಾಗದ ಬಂದಿವೆ. ಮೊದಲನೆಯದನ್ನು ಓದಿದ ದಿನ ಅವರು ಅಂಗಡಿಗೆ ಹೋಗಲಿಲ್ಲ. ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಸಂಜೆವರೆಗೂ ಕೂತಿದ್ದರು. ಊಟಕ್ಕೆ ಎಬ್ಬಿಸಲು ಹೋದರೆ ನನ್ನನ್ನೇ, ನೀನು ಯಾರು ಎನ್ನುವ ಹಾಗೆ ನೋಡಿದರು. ಕಾಗದವನ್ನು ನಾನೇ ಅವರ ಮಡಿಲಿಂದ ತೆಗೆದು ಓದಿಕೊಂಡೆ.

ಈ ಮನೆಗೆ ಬಂದಾಗಿನಿಂದ ಏನು ನಡೆದಿದೆ ಎಂದು ನಿನಗೂ ತಿಳಿದಿರಲಿ. ದಿನಾ ಬೆಳಗ್ಗೆ ಎದ್ದು ಬಾಗಿಲ ಚೌಕಟ್ಟು ಹಿಡಿದು ಬಸ್ಕಿ ಹೊಡೆಯುತ್ತಿದ್ದರು. ನೂರು, ನೂರೈವತ್ತು. ಯಾಕ್ರೀ ಈ ವಯಸ್ಸಿನಲ್ಲಿ ಎಂದರೆ, "ಕಾಲು ಕೈಕೊಟ್ಟಿತಲ್ಲ, ಅದಕ್ಕೆ ಬುದ್ಧಿ ಕಲಿಸ್ತಾ ಇದೀನಿ" ಎನ್ನುತ್ತಿದ್ದರು. ನಾನು ತಮಾಷೆ ಎಂದುಕೊಂಡಿದ್ದೆ. ಕಾಗದ ಬಂದ ಮೇಲೆ ಬಸ್ಕಿ ನಿಂತಿದೆ. ಹೊಡೆಯುತ್ತಿದ್ದಾಗಲೇ ವಾಸಿ ಇತ್ತು.

ನಿನ್ನ ಮೇಲೆ ನನಗೆ ಕೋಪ ಬರಬೇಕು. ಬಂದಿದೆ. ಬಿಸಿ ತುಪ್ಪದ ಹಾಗಿದೆ ನನ್ನ ಸ್ಥಿತಿ. ನಮ್ಮ ಮನೆಯಲ್ಲಿ ತಟ್ಟೆಗೆ ಕೈ ಹಾಕಿ ಉಂಡವಳು ನೀನು, ಉಗುಳಲೂ ಆಗುವುದಿಲ್ಲ. ಅವರು ಬರೆಯುತ್ತಾರೆ, ಕಾಯಿ. ನೀನಾಗಿ ಇಲ್ಲಿಗೆ ಬರಬೇಡ.

ಚಿಕ್ಕಮ್ಮ

—

ಫೆಬ್ರವರಿ 4

ಪಾದರಸ,

ಕೈ ಇಳಿಸಿದ್ದಕ್ಕೆ ನಾನು ಒಂದು ಮಾತೂ ಆಡುವುದಿಲ್ಲ. ಮಗು ಮಗುಚಿಕೊಂಡಿತ್ತು, ಜನ ನಿಂತಿದ್ದರು. ನಾನು ಕಂಬವಾಗಿದ್ದರೂ ಓಡುತ್ತಿದ್ದೆ. ನಿಯಮ ಬರೆದವನೂ ಓಡುತ್ತಿದ್ದ. ಆಮೇಲೆ ಎತ್ತಿದ್ದಕ್ಕೆ ಆಡುತ್ತೇನೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಚಿಕ್ಕವನನ್ನು ತಳ್ಳಿ ತಿರುಗಿದಾಗ, ಎಡಗಡೆ, ಕಲ್ಲುಕಟ್ಟೆಯ ಕಡೆಗೆ, ನೀರು ಬೇರೆ ಥರ ಮಡಿಸಿದ ಹಾಗೆ ಕಂಡಿತು. ತಲೆಯೋ, ಕೈಯೋ, ಬರೀ ನೊರೆಯೋ ಹೇಳಲಾರೆ. ನನ್ನ ಮನಸ್ಸು ಎಡಕ್ಕೆ ಎಂದಿತು. ಅರ್ಧ ತಿರುಗಿದ್ದೆ ಕೂಡ. ಖಾತರಿಗೆಂದು ಅಲೆಯ ಮೇಲೆ ಬಂದು ನಿನ್ನನ್ನು ನೋಡಿದೆ. ನಿನ್ನ ಕೈ ಬಲಕ್ಕೆ ಇತ್ತು. ಮೂವತ್ತೊಂದು ವರ್ಷ ನಾನು ಕಲಿತಿದ್ದೂ ಕಲಿಸಿದ್ದೂ ಒಂದೇ, ನಿನ್ನ ಕಣ್ಣಿಗಿಂತ ಕಂಬದ ಕಣ್ಣು ದೊಡ್ಡದು. ಬಲಕ್ಕೆ ಹೋದೆ.

ಮರುದಿನ ಹುಡುಗ ಸಿಕ್ಕಿದ್ದು ಕಲ್ಲುಕಟ್ಟೆಯ ಬುಡದಲ್ಲಿ. ನಿನಗೂ ಗೊತ್ತು. ರಾತ್ರಿಯ ಸೆಳವು ಅಲ್ಲಿಗೆ ತಂದು ಹಾಕಿರಬೇಕು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ನಿನ್ನ ಕೈ ಸುಳ್ಳಿರಬಹುದು ಎಂಬುದು ಲೆಕ್ಕದಲ್ಲೇ ಬರಲಿಲ್ಲ. ಆ ಕೈಗೆ ಕಲಿಸಿದವನು ನಾನು.

ಕತ್ತರಿ ಹಾಕಿದ್ದರೆ ಎಡಕ್ಕೆ ಹೋಗುತ್ತಿದ್ದೆ. ಇಷ್ಟೇ ಹೇಳುವುದು.

ನೀನು ಎರಡೂ ಕಾಗದದಲ್ಲಿ ಎಲ್ಲೂ ಕ್ಷಮೆ ಕೇಳಿಲ್ಲ. ಒಳ್ಳೆಯದಾಯಿತು. ಕೊಟ್ಟೆ ಎಂದು ಬರೆಯಲು ನಾನೇ ಎರಡು ದಿನ ಕೂತು ನೋಡಿದೆ. ಬರಲಿಲ್ಲ.

ಪದಕ ತೆಗೆದುಕೋ. ಮಗು ಬದುಕಿದೆ, ಅದನ್ನು ಎತ್ತಿದ್ದು ನೀನು. ಉಳಿದದ್ದು ನಮ್ಮಿಬ್ಬರಲ್ಲೇ ಇರಲಿ. ಆ ತಾಯಿಯ ಮನೆಗೆ ಇದನ್ನು ಹೊತ್ತುಕೊಂಡು ಹೋಗಬೇಡ. ಆಕೆ ಇಷ್ಟು ದಿನ ಒಬ್ಬ ಮುದುಕನನ್ನು ಬೈದುಕೊಂಡು ನಿದ್ದೆ ಮಾಡಿರಬಹುದು. ಅದನ್ನು ಯಾಕೆ ಕಿತ್ತುಕೊಳ್ಳುತ್ತೀ?

ಮೇಷ್ಟ್ರು

—

ಫೆಬ್ರವರಿ 10

ಮೇಷ್ಟ್ರೇ,

ನಿಮ್ಮ ಕಾಗದವನ್ನು ಗೋಪುರದ ಮೇಲೆ ಓದಿದೆ. ಓದಿ ಮುಗಿಸಿ ಎಡಕ್ಕೆ ನೋಡಿದೆ. ಕಲ್ಲುಕಟ್ಟೆ ಅಲ್ಲೇ ಇದೆ, ದಿನಾ ನೋಡುತ್ತಲೇ ಇದ್ದೇನೆ. ನೀವು ಇದ್ದ ಜಾಗದಿಂದ ಅಲ್ಲಿಗೆ ಎಪ್ಪತ್ತು ಮೀಟರ್ ಇರಬಹುದು. ಆ ದಿನ ನೀವು ಅದರ ಹತ್ತು ಪಟ್ಟು ಈಜಿದಿರಿ, ನಾನು ತೋರಿಸಿದ ಕಡೆಗೆ.

ನಮ್ಮಿಬ್ಬರಲ್ಲೇ ಇರಲಿ ಎಂದಿರಿ. ಇರುವುದಿಲ್ಲ. ನಿಮ್ಮ ಮಾತು ಮೀರಿದ್ದು ಇದೇ ಮೊದಲಲ್ಲ, ಇದನ್ನೂ ಸೇರಿಸಿಕೊಳ್ಳಿ.

ನಿನ್ನೆ ಮೇಲ್ವಿಚಾರಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಎದ್ದು ಬಾಗಿಲು ಹಾಕಿ ಬಂದರು. ಪಕ್ಕದ ತೀರಕ್ಕೂ ಒಂದು ಗೋಪುರ ಬೇಕೆಂದು ಆರು ವರ್ಷದಿಂದ ಕೇಳುತ್ತಿದ್ದಾರಂತೆ, ಈಗ ಪದಕದ ಸುದ್ದಿಯಿಂದಲೇ ಮೇಲಿನವರು ಕಡತ ತೆರೆದಿದ್ದಾರಂತೆ. ನಾನು ಬಾಯಿ ಬಿಟ್ಟರೆ ಗೋಪುರವೂ ಇಲ್ಲ, ಅಲ್ಲಿ ಮುಳುಗುವವರ ಲೆಕ್ಕವೂ ನನ್ನ ತಲೆಗೇ ಎಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಅವರು ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಅದೇ ನನ್ನನ್ನು ಹಿಂಡಿದ್ದು.

ಕೊನೆಗೆ ಹೇಳಿದರು, "ಬಾಯಿ ಮುಚ್ಚು, ಕೊರಳು ಬಗ್ಗಿಸು. ಅವತ್ತಿನ ಮಟ್ಟಿಗೆ ನಿನ್ನ ಕೆಲಸ ಅಷ್ಟೇ."

ವರದಿಯಲ್ಲಿ ಮೇಷ್ಟ್ರ ಬಗ್ಗೆ ಬರೆದಿರುವ ಸಾಲು ಹಾಗೇ ಇರುತ್ತದಾ ಎಂದು ಕೇಳಿದೆ.

"ಅವರು ಬಿಟ್ಟು ಹೋಗಿ ಆಯ್ತಲ್ಲ. ಎತ್ತು ಈಯ್ತು ಅಂದಿದಾರೆ, ಕೊಟ್ಟಿಗೆಗೆ ಕಟ್ಟಿಯೂ ಆಗಿದೆ. ಈಗ ಎತ್ತು ಈಯಲ್ಲ ಅಂತ ಹೇಳಿಕೊಂಡು ಎಲ್ಲಿ ತಿರುಗ್ತೀಯಾ?"

ನಾನು ಹೊಸ ಹೇಳಿಕೆಯನ್ನು ಬರೆದುಕೊಂಡೇ ಹೋಗಿದ್ದೆ. ಅವರ ಮೇಜಿನ ಮೇಲಿಟ್ಟೆ. ತೆಗೆದುಕೊಂಡೆ ಎಂದು ಸಹಿ ಹಾಕಿ ಕೊಡಿ ಎಂದೆ. ಹಾಕಲಿಲ್ಲ. ಒಂದು ಗಂಟೆ ಅಲ್ಲೇ ನಿಂತೆ. ಒಂದು ಕಡೆ ಕೂರಲು ಬರದವಳೆಂದೇ ನೀವು ಪಾದರಸ ಎಂದು ಕರೆದಿದ್ದು, ನನಗೆ ನಿಲ್ಲುವುದೇನು ಕಷ್ಟ. ಆಮೇಲೆ ಹಾಕಿದರು. ಹಾಕಿ, "ಸೀಟಿ ಕೊಟ್ಟು ಹೋಗು" ಎಂದರು. ಕೊರಳಿಂದ ತೆಗೆದು ಕೊಟ್ಟೆ, ಕೆಲಸ ಅಲ್ಲಿಗೆ ಮುಗಿಯಿತು.

ಕೋಣೆಗೆ ಬಂದು ಆ ತಾಯಿಗೂ ಒಂದು ಕಾಗದ ಬರೆದು ಅಂಚೆಗೆ ಹಾಕಿದೆ. ಏನೂ ಬಿಡಲಿಲ್ಲ, ನೀವು ಎಡಕ್ಕೆ ತಿರುಗಿದ್ದನ್ನೂ ಬರೆದೆ. ಮುದುಕನನ್ನು ಬೈದುಕೊಂಡು ನಿದ್ದೆ ಮಾಡಲಿ ಎನ್ನುತ್ತೀರಿ. ಆ ಮುದುಕ ಬಾಗಿಲ ಚೌಕಟ್ಟು ಹಿಡಿದು ಬಸ್ಕಿ ಹೊಡೆಯುತ್ತಿದ್ದುದನ್ನು ಚಿಕ್ಕಮ್ಮ ಬರೆದಿದ್ದಾರೆ. ಅದನ್ನು ಓದಿದ ಮೇಲೂ ನಾನು ಸುಮ್ಮನಿದ್ದರೆ, ಎರಡನೇ ಸಲ ಕೈ ಎತ್ತಿ ಸುಳ್ಳು ತೋರಿಸಿದ ಹಾಗೆ.

ನನಗೆ ಹಗುರವಾಗುತ್ತದೆ ಎಂದು ಮಾಡಿದ್ದಲ್ಲ. ಹಗುರವಾಗಿಲ್ಲ. ಅಂಚೆ ಡಬ್ಬಿಯ ಬಾಯಿಗೆ ಕೈ ಹಾಕಿ ಮತ್ತೆ ಹೊರಗೆಳೆಯಲು ನೋಡಿದೆ. ಬೆರಳು ತಲುಪಲಿಲ್ಲ.

ಪಾದರಸ

—

ಫೆಬ್ರವರಿ 14

ಪಾದರಸ,

ಹೇಳಿದ ಮಾತು ಕೇಳುವ ಜಾತಿಯೇ ಅಲ್ಲ ನೀನು. ಹೋಗಲಿ.

ಆಕೆ ಉತ್ತರ ಬರೆಯದಿದ್ದರೆ ಬಿಟ್ಟುಬಿಡು, ಬೆನ್ನು ಹತ್ತಬೇಡ. ಬರೆದರೆ, ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನೀನು ಕತ್ತರಿ ಹಾಕಿದ್ದರೆ ನನ್ನ ಮಗ ಉಳಿಯುತ್ತಿದ್ದನಾ ಎಂದು. ಅದಕ್ಕೆ ಈಗಲೇ ತಯಾರಾಗು. ಹೌದು ಎಂದರೆ ನಿನ್ನನ್ನೇ ಶಿಕ್ಷಿಸಿಕೊಳ್ಳಲು ಹೇಳಿದ ಹಾಗೆ. ಇಲ್ಲ ಎಂದರೆ ತಪ್ಪಿಸಿಕೊಳ್ಳಲು ಹೇಳಿದ ಹಾಗೆ. ನನಗೆ ಕಂಡಿದ್ದು ನೊರೆಯೂ ಆಗಿರಬಹುದು. ಎಡಕ್ಕೆ ಹೋಗಿದ್ದರೂ ತಲುಪುವ ಹೊತ್ತಿಗೆ ಮುಗಿದಿರಬಹುದು. ಮುಗಿಯದೆಯೂ ಇದ್ದಿರಬಹುದು. ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಹೇಳು. ಆಕೆಯ ಮುಖ ನೋಡಿಕೊಂಡು ಹೇಳು. ಅವತ್ತು ಹೇಳಬೇಕಾಗಿದ್ದ ಮಾತೂ ಅಷ್ಟೇ ಆಗಿತ್ತು.

ನನ್ನ ಹೆಸರು ತೊಳೆಯಲು ಹೋಗಬೇಡ. ಮೊಳೆ ತೂಗುವವನಿಗೆ ಹೆಸರು ಯಾಕೆ.

ನಿನ್ನೆ ಬೀದಿಯ ನಲ್ಲಿ ಒಡೆದು ಅಂಗಡಿಯ ಮುಂದೆ ಮೊಣಕಾಲವರೆಗೆ ನೀರು ನಿಂತಿತ್ತು. ಗಿರಾಕಿಗಳೆಲ್ಲ ಬಟ್ಟೆ ಎತ್ತಿಕೊಂಡು ದಾಟಿದರು. ನಾನು ಸಂಜೆವರೆಗೂ ಮೆಟ್ಟಿಲು ಇಳಿಯಲಿಲ್ಲ. ಬಾವಮೈದುನ ನಕ್ಕ. ನಿನಗೆ ತಿಳಿದಿರಲಿ ಎಂದು ಬರೆದೆ, ನೋಯಿಸಲು ಅಲ್ಲ. ನೋಯಿಸಲೂ ಇರಬಹುದು.

ಮೇಷ್ಟ್ರು

—

ಫೆಬ್ರವರಿ 20

ಮೇಷ್ಟ್ರೇ,

ಆ ತಾಯಿಯ ಉತ್ತರ ಇವತ್ತು ಮಧ್ಯಾಹ್ನ ಬಂತು. ಅರ್ಧ ಹಾಳೆ. ನಿಮಗಾಗಿ ಅವರ ಮಾತನ್ನೇ ಇಳಿಸುತ್ತೇನೆ:

"ನಿನ್ನ ಕಾಗದ ಓದಿದೆ. ನಿನಗೆ ಪದಕ ಕೊಡಿ ಎಂದು ಕಚೇರಿಗೆ ಬರೆದವಳು ನಾನೇ, ಅದು ನಿನಗೆ ಗೊತ್ತಿತ್ತೋ ಇಲ್ಲವೋ. ಚಿಕ್ಕವನು ನಿನ್ನ ಚಿತ್ರವನ್ನು ತನ್ನ ಹಾಸಿಗೆಯ ಪಕ್ಕ ಅಂಟಿಸಿಕೊಂಡಿದ್ದಾನೆ. ಅದನ್ನು ಕೀಳಲೋ ಬಿಡಲೋ ತಿಳಿಯದೆ ಎರಡು ದಿನ ಅವನ ಕೋಣೆಗೆ ಹೋಗಿಲ್ಲ. ನೀನು ಬಾ. ಕಾಗದದಲ್ಲಿ ಬೇಡ, ನನ್ನ ಎದುರು ನಿಂತು ಹೇಳು. ನಾನು ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ. ಆ ಹಿರಿಯರ ವಿಳಾಸವನ್ನೂ ತಾ. ಅವರಿಗೆ ನಾನು ಒಂದು ಮಾತು ಅಂದಿದ್ದೆ."

ನಿಮ್ಮ ವಿಳಾಸ ಕೊಡಲೋ ಬೇಡವೋ ಎಂದು ಕೇಳಿ ನಿಮ್ಮ ಉತ್ತರ ಕಾಯುವಷ್ಟು ಹೊತ್ತಿಲ್ಲ. ಕೊಡುತ್ತೇನೆ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ಸಮಾರಂಭಕ್ಕೆ ಬರುವುದಿಲ್ಲವೆಂದು ಮೇಲ್ವಿಚಾರಕರಿಗೆ ತಿಳಿಸಿದೆ. ನನ್ನ ಹೆಸರು ಓದಿ, ಅನಾರೋಗ್ಯ ಎಂದು ಹೇಳಿ, ಪದಕವನ್ನು ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಅನಾರೋಗ್ಯ ಅಲ್ಲ ಎಂದು ಹೇಳಿ ಎಂದೆ. ಅವರು ಫೋನು ಇಟ್ಟುಬಿಟ್ಟರು. ಹೊಸ ಗೋಪುರದ ಕಡತ ಮುಚ್ಚಿದರೋ ಇಲ್ಲವೋ ಯಾರೂ ಹೇಳುವುದಿಲ್ಲ. ಆ ತೀರದಲ್ಲಿ ನಾಳೆ ಯಾರಾದರೂ ಮುಳುಗಿದರೆ ಎಂಬ ಯೋಚನೆ ಬಂದು ಅನ್ನದ ತಟ್ಟೆ ಹಾಗೇ ಸರಿಸಿದೆ. ನದಿ ಕಡೆಯ ಆ ರಕ್ಷಕ ಕೋಣೆಗೆ ಬಂದಿದ್ದ. ಎಲ್ಲ ಕೇಳಿದ ಮೇಲೆ ತನ್ನ ಕೇಳದ ಕಿವಿಯನ್ನು ಉಜ್ಜಿಕೊಂಡು, ದೋಣಿಯ ಕೆಳಗೆ ನಾಲ್ಕನೆಯವರೂ ಇದ್ದರು ಎಂದ. ಅಷ್ಟು ಹೇಳಿ ಚಹಾ ಕುಡಿಯದೆ ಹೋದ. ಅವನ ಪದಕ ಅವನಿಗೆ ಸಲ್ಲಬೇಕಾದ್ದೇ.

ನನಗೆ ಹೆದರಿಕೆಯಾಗುತ್ತಿದೆ. ನೀರಿಗೆ ಯಾವತ್ತೂ ಹೀಗೆ ಹೆದರಿದ್ದಿಲ್ಲ. ಗೊತ್ತಿಲ್ಲ ಎಂಬ ಒಂದು ಮಾತನ್ನು ಬೆಳಗ್ಗೆಯಿಂದ ಕನ್ನಡಿಯ ಮುಂದೆ ಹೇಳಿ ನೋಡುತ್ತಿದ್ದೇನೆ. ಒಂದೊಂದು ಸಲ ಒಂದೊಂದು ಥರ ಕೇಳಿಸುತ್ತದೆ, ಯಾವುದೂ ಸರಿ ಅನಿಸುವುದಿಲ್ಲ. ಆ ತಾಯಿ ಹೊಡೆದರೆ ನಿಲ್ಲುತ್ತೇನೆ. ಅತ್ತರೆ ಏನು ಮಾಡಬೇಕೋ ನೀವೂ ಬರೆದಿಲ್ಲ. ಚಿಕ್ಕವನು ಬಾಗಿಲು ತೆಗೆದರೆ ಏನು ಮಾಡಬೇಕೋ ಅದೂ ತಿಳಿಯದು.

ಕೋಣೆಯ ಕೀಲಿಯನ್ನು ಮನೆಯೊಡತಿಗೆ ಒಪ್ಪಿಸಿದೆ, ಸಾಮಾನು ಒಂದೇ ಚೀಲಕ್ಕೆ ಹಿಡಿಸಿತು. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಯೋಚಿಸಿಲ್ಲ. ಆ ತಾಯಿಯ ಊರಿಗೆ ಒಂದೇ ಬಸ್ಸು, ಬೆಳಗ್ಗೆ ಆರೂವರೆಗೆ. ನಾಳೆ ಹೊರಡುತ್ತೇನೆ.

ಪಾದರಸ